ಸ್ಟಾರ್‌ಫೀಲ್ಡ್ ವರ್ಷಗಟ್ಟಲೆ ಆಡಲು: ಏನು ಉಳಿಯುತ್ತದೆ, ಏನು ಸವೆಯುತ್ತದೆ

ಸ್ಟಾರ್‌ಫೀಲ್ಡ್ ಎಂಬ ಅಂತರಿಕ್ಷದ ವಿಡಿಯೋ ಗೇಮ್‌ನಲ್ಲಿ ಸಾವಿರಕ್ಕೂ ಹೆಚ್ಚು ಗ್ರಹ, ಉಪಗ್ರಹಗಳಿವೆ. ಆ ಸಾವಿರವನ್ನೇ ನಂಬಿಕೊಂಡು ಹೊರಟವರಿಗೆ ಈ ಆಟ ಬೇಗ ಬೇಸರ ತರಿಸುತ್ತದೆ. ಒಂದು ಗ್ರಹಕ್ಕೆ ಇಳಿಯುವುದು, ಸ್ಕ್ಯಾನರ್ ಹಿಡಿಯುವುದು, ಹತ್ತಿರದ ಕಟ್ಟಡಕ್ಕೆ ನುಗ್ಗಿ ಗುಂಡು ಹಾರಿಸುವುದು, ಸಿಕ್ಕಿದ್ದನ್ನು ಬಾಚಿಕೊಂಡು ಮುಂದಿನ ಗ್ರಹಕ್ಕೆ ಹೋಗುವುದು. ಹೀಗೇ ಆಡುತ್ತಾ ಹೋದರೆ ನಲವತ್ತು ಗಂಟೆಯೊಳಗೆ ನಾಲಿಗೆ ಸಪ್ಪೆಯಾಗುತ್ತದೆ. ಅದೇ ಆಟವನ್ನು ಒಂದು ಶಿಪ್ (ಅಂತರಿಕ್ಷ ನೌಕೆ), ಒಂದು ಮನೆ, ಒಂದು ಕಸುಬು ಅಂತ ಇಟ್ಟುಕೊಂಡು ಬದುಕಿದ ಹಾಗೆ ಆಡಿದರೆ ಮುನ್ನೂರು ಗಂಟೆಯ ಮೇಲೂ ಹೊಸ ಕೆಲಸ ಸಿಗುತ್ತಲೇ ಇರುತ್ತದೆ. ಇದು ಊರೂರು ಅಲೆಯುವ ಆಟಕ್ಕಿಂತ ಹೆಚ್ಚಾಗಿ ನೆಲೆ ನಿಲ್ಲುವ ಆಟ. ಈ ವಿಮರ್ಶೆ ದೀರ್ಘಕಾಲ ಆಡಬೇಕೆನ್ನುವವರಿಗಾಗಿ.

ಮೊದಲು ಹಿನ್ನೆಲೆ. ಬೆಥೆಸ್ಡಾ ಗೇಮ್ ಸ್ಟುಡಿಯೋಸ್ ಮಾಡಿದ ಆಟ, ನಿರ್ದೇಶಕ ಟಾಡ್ ಹೊವಾರ್ಡ್. 2023ರ ಸೆಪ್ಟೆಂಬರ್ 6ರಂದು ವಿಂಡೋಸ್ ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎಸ್‌ಗೆ ಬಂತು. ಗೇಮ್ ಪಾಸ್ ಎಂಬ ಚಂದಾ ಇದ್ದವರಿಗೆ ಮೊದಲ ದಿನದಿಂದಲೇ ಅದರೊಳಗೇ ಸಿಕ್ಕಿತು. ಕಥೆ ನಡೆಯುವುದು 2330ರಲ್ಲಿ. ಭೂಮಿ ಬರೀ ಮರಳುಗಾಡಾಗಿದೆ, ಮನುಷ್ಯರು ಬೇರೆ ಬೇರೆ ನಕ್ಷತ್ರಗಳ ಸುತ್ತ ಊರು ಕಟ್ಟಿಕೊಂಡಿದ್ದಾರೆ. ಗಣಿ ಕೆಲಸದವರಾಗಿ ಶುರುವಾಗುವ ನೀವು ಒಂದು ವಿಚಿತ್ರ ಲೋಹದ ತುಂಡನ್ನು ಮುಟ್ಟಿ, ಕಾನ್‌ಸ್ಟೆಲೇಶನ್ ಎಂಬ ಅನ್ವೇಷಕರ ಗುಂಪಿಗೆ ಸೇರುತ್ತೀರಿ. ಇಲ್ಲಿಂದ ಮುಂದೆ ಆಟ ನಿಮ್ಮ ಕೈ ಹಿಡಿದು ನಡೆಸುವುದಿಲ್ಲ.

ಕಂಪ್ಯೂಟರಿನಲ್ಲಿ ಆಡುವವರು ಒಂದು ವಿಷಯದಲ್ಲಿ ರಾಜಿ ಆಗಬಾರದು. ಆಟ ಇರುವುದು ಎಸ್‌ಎಸ್‌ಡಿಯಲ್ಲೇ ಆಗಬೇಕು. ಕಂಪನಿ ಹೇಳಿದ ಕನಿಷ್ಠ ಅಗತ್ಯ 16 ಜಿಬಿ ರ‍್ಯಾಮ್, 125 ಜಿಬಿ ಎಸ್‌ಎಸ್‌ಡಿ ಜಾಗ, ಜಿಟಿಎಕ್ಸ್ 1070 ಟಿಐ ಅಥವಾ ಆರ್‌ಎಕ್ಸ್ 5700 ಮಟ್ಟದ ಗ್ರಾಫಿಕ್ಸ್ ಕಾರ್ಡ್. ಗ್ರಾಫಿಕ್ಸ್ ಕಾರ್ಡ್ ಸ್ವಲ್ಪ ಹಳೆಯದಾದರೆ ಸೆಟ್ಟಿಂಗ್ ಇಳಿಸಿ ಆಡಬಹುದು. ಹಳೆಯ ತಿರುಗುವ ಹಾರ್ಡ್ ಡಿಸ್ಕ್‌ನಲ್ಲಿ ಹಾಕಿದರೆ ಮಾತ್ರ ಯಾವ ಸೆಟ್ಟಿಂಗೂ ಉಳಿಸುವುದಿಲ್ಲ: ಪಾತ್ರದ ಬಾಯಿ ಆಡಿ ಮುಗಿದ ಮೇಲೆ ಮಾತು ಕೇಳಿಸುತ್ತದೆ, ಬಾಗಿಲು ದಾಟಿದಾಗ ಆಟ ತಡವರಿಸುತ್ತದೆ. ಸೀರೀಸ್ ಎಕ್ಸ್‌ನಲ್ಲಿ ಶುರುವಿನಲ್ಲಿ ಸೆಕೆಂಡಿಗೆ 30 ಫ್ರೇಮ್ ಮಾತ್ರ ಇತ್ತು. 2024ರ ಮೇ ತಿಂಗಳ ಅಪ್‌ಡೇಟ್ 60ರ ಆಯ್ಕೆ ಕೊಟ್ಟಿತು. ಕನ್ನಡ ಸಬ್‌ಟೈಟಲ್ ಇಲ್ಲ. ಮಾತು ಬಹಳ, ಅದೂ ವೇಗದ ಇಂಗ್ಲಿಷ್. ಆದ್ದರಿಂದ ಸಬ್‌ಟೈಟಲ್ ಹಾಕಿಕೊಂಡು, ಮೆನುವಿನಲ್ಲಿ ದೊಡ್ಡ ಅಕ್ಷರದ ಆಯ್ಕೆಯನ್ನೂ ಆನ್ ಮಾಡಿಕೊಂಡು ಕೂರುವುದು ಒಳ್ಳೆಯದು.

ಪಾತ್ರ ಸೃಷ್ಟಿಸುವಾಗ ಮೂರು ಟ್ರೇಟ್ (ಪಾತ್ರದ ಹಿನ್ನೆಲೆ, ಗುಣವಿಶೇಷ) ಆರಿಸಿಕೊಳ್ಳಬಹುದು. ದೀರ್ಘಕಾಲದ ಆಟದಲ್ಲಿ ಸಂಖ್ಯೆ ಹೆಚ್ಚಿಸುವ ಟ್ರೇಟ್‌ಗಳು ಮೂರೇ ದಿನದಲ್ಲಿ ಮರೆತುಹೋಗುತ್ತವೆ, ಮನುಷ್ಯರನ್ನು ತರುವ ಟ್ರೇಟ್‌ಗಳು ಕೊನೆಯವರೆಗೂ ಬರುತ್ತವೆ. ‘ಕಿಡ್ ಸ್ಟಫ್’ ತೆಗೆದುಕೊಂಡರೆ ನಿಮ್ಮ ಅಪ್ಪ ಅಮ್ಮ ನ್ಯೂ ಅಟ್ಲಾಂಟಿಸ್ ನಗರದಲ್ಲಿ ಜೀವಂತವಾಗಿರುತ್ತಾರೆ. ವಾರಕ್ಕೊಮ್ಮೆ ನಿಮ್ಮ ಹಣದಲ್ಲಿ 2% ಅವರಿಗೆ ಹೋಗುತ್ತದೆ. ಅದಕ್ಕೆ ಬದಲಾಗಿ ಮನೆಗೆ ಹೋದಾಗಲೆಲ್ಲ ಮಾತು, ಆಗೀಗ ಉಡುಗೊರೆ, ಒಂದು ಹಂತದಲ್ಲಿ ಒಂದು ಶಿಪ್ಪೂ ಸಿಗುತ್ತದೆ. ದುಡ್ಡಿನ ಲೆಕ್ಕದಲ್ಲೂ ನಷ್ಟವಿಲ್ಲ, ಆದರೆ ಅದರ ಬೆಲೆ ಇರುವುದು ಬೇರೆ ಕಡೆ. ಎಲ್ಲೋ ದೂರದ ಗ್ರಹದಿಂದ ಹಿಂತಿರುಗಿ ಬರಲು ಒಂದು ಕಾರಣ ಹುಟ್ಟುತ್ತದೆ. ‘ವಾಂಟೆಡ್’ ತೆಗೆದುಕೊಂಡರೆ ಆಗಾಗ ನಿಮ್ಮ ತಲೆಗೆ ಕಟ್ಟಿದ ಬೆಲೆಗಾಗಿ ಬೇಟೆಗಾರರು ಹುಡುಕಿಕೊಂಡು ಬರುತ್ತಾರೆ, ಖಾಲಿ ಪ್ರಯಾಣಕ್ಕೆ ಅದು ಉಪ್ಪು ಖಾರದ ಹಾಗೆ. ಬೇಡವೆನಿಸಿದ ಟ್ರೇಟನ್ನು ಆಟದೊಳಗೇ ನಂತರ ಕಳಚಿಕೊಳ್ಳುವ ದಾರಿಗಳೂ ಇವೆ, ಹೆದರಬೇಕಿಲ್ಲ.

ಸ್ಕಿಲ್‌ಗಳು ಒಟ್ಟು 82, ಐದು ಕವಲುಗಳಲ್ಲಿ. ಪ್ರತಿಯೊಂದಕ್ಕೂ ನಾಲ್ಕು ಮೆಟ್ಟಿಲು. ಕವಲಿನ ಎರಡನೆಯ ಸಾಲು ತೆರೆಯಲು ಅದೇ ಕವಲಿನಲ್ಲಿ 4 ಅಂಕ ಹಾಕಿರಬೇಕು, ಮೂರನೆಯದಕ್ಕೆ 8, ನಾಲ್ಕನೆಯದಕ್ಕೆ 12. ಹೆಚ್ಚಿನವರು ಎಡವುವುದು ಇಲ್ಲಲ್ಲ, ಮೆಟ್ಟಿಲು ಹತ್ತುವ ಸವಾಲುಗಳಲ್ಲಿ. ಒಂದು ಸ್ಕಿಲ್‌ನ ಮೊದಲ ಅಂಕ ಹಾಕಿದ ಮೇಲಷ್ಟೇ ಅದರ ಸವಾಲಿನ ಲೆಕ್ಕ ಶುರುವಾಗುತ್ತದೆ. ಅಂದರೆ ಪೈಲಟಿಂಗ್‌ಗೆ ಅಂಕ ಹಾಕದೆ ನೀವು ಐವತ್ತು ಶಿಪ್ ಉರುಳಿಸಿದರೂ ಒಂದೂ ಲೆಕ್ಕಕ್ಕಿಲ್ಲ. ಆದ್ದರಿಂದ ಮುಂದೆ ಬೇಕಾಗುವ ಸ್ಕಿಲ್‌ಗಳಿಗೆ ಮೊದಲೇ ಒಂದೊಂದು ಅಂಕ ಬಿತ್ತಿಡಿ, ದಿನನಿತ್ಯದ ಆಟದಲ್ಲೇ ಸವಾಲು ತಾನಾಗಿ ತುಂಬುತ್ತದೆ. ಬೂಸ್ಟ್ ಪ್ಯಾಕ್ ಟ್ರೇನಿಂಗ್ ಇಲ್ಲದೆ ಬೆನ್ನ ಮೇಲಿನ ಪ್ಯಾಕ್ ಹಾರುವುದೇ ಇಲ್ಲ, ಅದು ಮೊದಲ ಅಂಕ. ಬೀಗ ತೆಗೆಯುವ ಸೆಕ್ಯುರಿಟಿ ಒಂದು ಮೆಟ್ಟಿಲು, ಹೆಚ್ಚು ಹೊರಲು ವೇಟ್ ಲಿಫ್ಟಿಂಗ್ ಒಂದು, ಮಾತಿನಲ್ಲಿ ಒಲಿಸುವ ಪರ್ಸ್ಯುಯೇಶನ್ ಒಂದು, ಪೈಲಟಿಂಗ್ ಒಂದು. ಇಷ್ಟಾದ ಮೇಲೆ ನಿಮ್ಮ ಕಸುಬಿಗೆ ತಕ್ಕ ಹಾಗೆ.

ಪೈಲಟಿಂಗ್ ಬಗ್ಗೆ ಇನ್ನೊಂದು ಮಾತು. ಬಿ ದರ್ಜೆಯ ಶಿಪ್ ಓಡಿಸಲು ಮೂರನೆಯ ಮೆಟ್ಟಿಲು, ಸಿ ದರ್ಜೆಗೆ ನಾಲ್ಕನೆಯದು ಬೇಕು. ಅಲ್ಲಿಗೆ ಮುಟ್ಟಲು ಕ್ರಮವಾಗಿ 5, 15, 30 ಶಿಪ್ ಹೊಡೆದುರುಳಿಸಬೇಕು. ಬಯಲು ಅಂತರಿಕ್ಷದಲ್ಲಿ ಶತ್ರುಗಳಿಗಾಗಿ ಕಾಯುವುದು ಬೇಡ. ನ್ಯೂ ಅಟ್ಲಾಂಟಿಸ್‌ನ ಮ್ಯಾಸ್ಟ್ ಕಟ್ಟಡದಲ್ಲಿ ಯುಸಿ (ಯುನೈಟೆಡ್ ಕಾಲೊನೀಸ್) ಸರ್ಕಾರದ ಸ್ವಯಂಸೇವಕ ಪಡೆಯಾದ ವ್ಯಾನ್‌ಗಾರ್ಡ್ ಸೇರಲು ಒಂದು ಸಿಮ್ಯುಲೇಟರ್ ಪರೀಕ್ಷೆ ಇದೆ. ಅದರೊಳಗೆ ಉರುಳಿಸಿದ ಶಿಪ್‌ಗಳೂ ಸವಾಲಿನ ಲೆಕ್ಕಕ್ಕೆ ಸೇರುತ್ತವೆ, ಸೋತರೆ ಮತ್ತೆ ಕೂರಬಹುದು, ನಿಮ್ಮ ಶಿಪ್ಪಿಗೆ ಒಂದು ಗೀರೂ ಬೀಳುವುದಿಲ್ಲ.

ಈಗ ಈ ಆಟದ ನಿಜವಾದ ತಿರುಳು: ಶಿಪ್ ಕಟ್ಟುವುದು. ಬೇರೆ ಯಾವ ಕಾರಣಕ್ಕಲ್ಲದಿದ್ದರೂ ಇದೊಂದಕ್ಕಾಗಿ ಸ್ಟಾರ್‌ಫೀಲ್ಡ್ ಇಟ್ಟುಕೊಳ್ಳಬಹುದು. ಬಂದರಿನಲ್ಲಿ ನಿಂತಿರುವ ಶಿಪ್ ಟೆಕ್ನಿಷಿಯನ್ ಬಳಿ ಮಾತಾಡಿ, ನಿಮ್ಮ ಶಿಪ್ಪನ್ನು ಬಿಲ್ಡರ್‌ನಲ್ಲಿ ತೆರೆದರೆ ಅದು ತುಂಡು ತುಂಡಾಗಿ ಕೈಗೆ ಬರುತ್ತದೆ. ಕಾಕ್‌ಪಿಟ್, ವಾಸದ ಕೋಣೆಗಳಾದ ಹ್ಯಾಬ್, ಬೇರೆ ಶಿಪ್ಪಿಗೆ ಅಂಟಿಕೊಳ್ಳುವ ಡಾಕರ್, ಹತ್ತಿ ಇಳಿಯುವ ಬಾಗಿಲಾದ ಲ್ಯಾಂಡಿಂಗ್ ಬೇ, ಇಳಿಯುವ ಕಾಲುಗಳಾದ ಲ್ಯಾಂಡಿಂಗ್ ಗೇರ್, ರಿಯಾಕ್ಟರ್, ನಕ್ಷತ್ರದಿಂದ ನಕ್ಷತ್ರಕ್ಕೆ ನೆಗೆಯಲು ಗ್ರಾವ್ ಡ್ರೈವ್, ಇಂಧನದ ಟ್ಯಾಂಕ್, ಎಂಜಿನ್, ಶೀಲ್ಡ್, ಕಾರ್ಗೋ, ಆಯುಧ. ಡೀಮೋಸ್, ನೋವಾ ಗ್ಯಾಲಾಕ್ಟಿಕ್, ಹೋಪ್‌ಟೆಕ್, ತೈಯೋ, ಸ್ಟ್ರೌಡ್-ಎಕ್ಲುಂಡ್ ಎಂಬ ಐದು ತಯಾರಕರು, ಒಬ್ಬೊಬ್ಬರ ಶೈಲಿ ಒಂದೊಂದು. ನೋವಾದ ಕೋಣೆಯಲ್ಲಿ ನಾಸಾದ ಹಳೆಯ ಬಿಳಿ ಗಡಸುತನ, ತೈಯೋದ್ದರಲ್ಲಿ ದುಂಡು ನಯ, ಹೋಪ್‌ಟೆಕ್‌ನದ್ದು ಲಾರಿ ಗ್ಯಾರೇಜಿನ ಒರಟು ಕಬ್ಬಿಣ.

ಕೆಲಸದ ಕ್ರಮ ಹೀಗಿದ್ದರೆ ತಲೆನೋವು ಕಡಿಮೆ. ಮೊದಲು ಕೈಯಾರೆ ಒಂದು ಸೇವ್ ಮಾಡಿ. ಆಮೇಲೆ ರಿಯಾಕ್ಟರ್ ಮತ್ತು ಗ್ರಾವ್ ಡ್ರೈವ್ ನಿಶ್ಚಯಿಸಿ, ಉಳಿದೆಲ್ಲ ಇವುಗಳ ಸುತ್ತ ಬರುತ್ತದೆ. ರಿಯಾಕ್ಟರ್ ಎ ದರ್ಜೆಯದ್ದಾದರೆ ಬಿ ದರ್ಜೆಯ ಶೀಲ್ಡ್ ಹಾಕಲಾಗುವುದಿಲ್ಲ. ನಂತರ ಹ್ಯಾಬ್‌ಗಳು, ಕೊನೆಯಲ್ಲಿ ಕಾರ್ಗೋ. ಎಂಜಿನ್‌ಗಳಿಗೆಲ್ಲ ಸೇರಿ ಗರಿಷ್ಠ 12 ಪವರ್ ಮಾತ್ರ ಸಿಗುತ್ತದೆ. ಆಯುಧಗಳದ್ದೂ ಹಾಗೆಯೇ, ಮೂರು ಗುಂಪು, ಗುಂಪೊಂದಕ್ಕೆ 12. ಹಾಗಾಗಿ ಆಸೆಪಟ್ಟು ಹತ್ತು ಎಂಜಿನ್ ಜೋಡಿಸಿ ಪ್ರಯೋಜನವಿಲ್ಲ. ಬಲಗಡೆ ಕಾಣುವ ಮೊಬಿಲಿಟಿ 100ರ ಕೆಳಗೆ ಬಿದ್ದಷ್ಟೂ ಜಗಳದಲ್ಲಿ ಶಿಪ್ ಎಮ್ಮೆಯ ಹಾಗೆ ತಿರುಗುತ್ತದೆ. ಕಾರ್ಗೋ ಹೆಚ್ಚಿಸಿದಾಗಲೆಲ್ಲ ಆ ಸಂಖ್ಯೆಯ ಮೇಲೆ ಒಂದು ಕಣ್ಣಿರಲಿ.

ಪ್ರಯಾಣದ ದೂರದ ಲೆಕ್ಕದಲ್ಲಿ ಗೊಂದಲ ಬಹಳ. ಒಂದೇ ನೆಗೆತದಲ್ಲಿ ಎಷ್ಟು ಜ್ಯೋತಿರ್ವರ್ಷ ಹೋಗಬಹುದು ಎಂಬುದನ್ನು ನಿರ್ಧರಿಸುವುದು ಗ್ರಾವ್ ಡ್ರೈವಿನ ಬಲ ಮತ್ತು ಶಿಪ್ಪಿನ ತೂಕ. ಗರಿಷ್ಠ 30. ಇಂಧನ ಟ್ಯಾಂಕ್ ನಿರ್ಧರಿಸುವುದು ನೆಗೆತದ ಮೇಲೆ ನೆಗೆತ ಸೇರಿಸಿ ಒಂದೇ ಸಲ ಎಷ್ಟು ದೂರದ ಮಾರ್ಗ ಹಾಕಬಹುದು ಎಂಬುದನ್ನು. ಇಂಧನ ತಾನಾಗಿಯೇ ಮತ್ತೆ ತುಂಬಿಕೊಳ್ಳುತ್ತದೆ. ದೂರದ ನಕ್ಷತ್ರ ಕೆಂಪು ಗೆರೆ ತೋರಿಸುತ್ತಿದ್ದರೆ ಟ್ಯಾಂಕ್ ಮೇಲೆ ಟ್ಯಾಂಕ್ ಸೇರಿಸುವವರು ತೂಕವನ್ನಷ್ಟೇ ಏರಿಸಿಕೊಳ್ಳುತ್ತಾರೆ, ನೆಗೆತ ಇನ್ನೂ ಕುಗ್ಗುತ್ತದೆ. ಡ್ರೈವ್ ಬದಲಿಸಿ, ಅಥವಾ ಭಾರ ಇಳಿಸಿ.

ಎಲ್ಲ ಜೋಡಿಸಿ ಮುಗಿದಾಗ ಫ್ಲೈಟ್ ಚೆಕ್ ಕೆಂಪು ತೋರಿಸುತ್ತದೆ. ಹೆಚ್ಚಾಗಿ ಬರುವ ದೋಷಗಳು ಮೂರು. ಡಾಕರ್ ಯಾವ ದಿಕ್ಕಿಗೆ ಮುಖ ಮಾಡಿದೆಯೋ ಆ ದಿಕ್ಕಿನಲ್ಲಿ ಅದೇ ಎಲ್ಲಕ್ಕಿಂತ ಹೊರಗಿರಬೇಕು. ಮೇಲೆ ಇಟ್ಟಿದ್ದರೆ ಒಂದು ಪುಟ್ಟ ಆಂಟೆನಾ ಅದಕ್ಕಿಂತ ಎತ್ತರ ಹೋದರೂ ಒಪ್ಪುವುದಿಲ್ಲ. ಲ್ಯಾಂಡಿಂಗ್ ಗೇರ್‌ಗಳೆಲ್ಲ ಒಂದೇ ಮಟ್ಟದಲ್ಲಿ, ಶಿಪ್ಪಿನ ಅತಿ ಕೆಳಗೆ ಇರಬೇಕು, ಭಾರಕ್ಕೆ ತಕ್ಕಷ್ಟು ಇರಬೇಕು. ಮೂರನೆಯದು ಕಾಡುವ ದೋಷ: ‘ಜೋಡಣೆಯಾಗದ ತುಂಡು ಇದೆ’ ಎನ್ನುತ್ತದೆ, ಎಲ್ಲಿ ಅಂತ ಹೇಳುವುದಿಲ್ಲ. ಕಣ್ಣಿಗೆ ಎಲ್ಲವೂ ಅಂಟಿಕೊಂಡಂತೆಯೇ ಕಾಣುತ್ತದೆ. ಆಗ ಶಿಪ್ಪಿನ ಯಾವುದಾದರೂ ತುಂಡಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಅದಕ್ಕೆ ಅಂಟಿಕೊಂಡದ್ದೆಲ್ಲ ಒಟ್ಟಿಗೆ ಆಯ್ಕೆಯಾಗುತ್ತದೆ. ಇಡಿಯಾಗಿ ಮೇಲಕ್ಕೆ ಎತ್ತಿ. ಕೆಳಗೆ ಒಂಟಿಯಾಗಿ ಉಳಿದುಬಿಡುವ ತುಂಡೇ ತಂಟೆಯದು. ಎಷ್ಟೋ ಸಲ ಅದು ಕಾರ್ಗೋದ ಹೊಟ್ಟೆಯೊಳಗೆ ಮುಚ್ಚಿಹೋದ ಒಂದು ಚಿಕ್ಕ ರೆಕ್ಕೆಯಾಗಿರುತ್ತದೆ.

ಒಳಗಿನ ಬಾಗಿಲು, ಏಣಿಗಳ ವಿಚಾರ ಬೇರೆ. ಎರಡು ಹ್ಯಾಬ್‌ಗಳ ನಡುವೆ ಬಾಗಿಲು ಎಲ್ಲಿ, ಏಣಿ ಎಲ್ಲಿ ಎಂದು ಬಿಡುಗಡೆಯ ಹೊತ್ತಿನಿಂದ ಆಟವೇ ನಿರ್ಧರಿಸುತ್ತಾ ಬಂತು, ಎಷ್ಟೋ ಸಲ ಅಡುಗೆ ಕೋಣೆಗೆ ಹೋಗಲು ಏಣಿ ಹತ್ತಿ ಮತ್ತೊಂದು ಏಣಿ ಇಳಿಯುವ ಗತಿ. ಇದಕ್ಕೆ ಉಪಾಯವೆಂದರೆ ಆಟಕ್ಕೆ ಆಯ್ಕೆಯನ್ನೇ ಕೊಡದಿರುವುದು. ಮೇಲಿನ ಮಹಡಿಯ ಹ್ಯಾಬ್ ಕೆಳಗಿನದಕ್ಕೆ ಒಂದೇ ಒಂದು ಚೌಕದಲ್ಲಿ ತಾಗುವಂತೆ ಕೂರಿಸಿದರೆ ಏಣಿ ಅಲ್ಲೇ ಬರಬೇಕು. ಒಂದು ಚೌಕದ ಕಂಪ್ಯಾನಿಯನ್‌ವೇ ಹ್ಯಾಬ್‌ಗಳು ಇದಕ್ಕೆ ಸರಿಯಾದ ವಸ್ತು: ಕೆಳಗೊಂದು, ಅದರ ಮೇಲೊಂದು, ಅಷ್ಟೇ ಮೆಟ್ಟಿಲು ಬಾವಿ. ಬೇಡದ ಕಡೆ ಬಾಗಿಲು ಬರದಂತೆ ನಡುವೆ ಕಾರ್ಗೋ ಅಥವಾ ಖಾಲಿ ಚೌಕಟ್ಟಿನ ತುಂಡು ತೂರಿಸಿ.

ಮತ್ತೊಂದನ್ನು ಮೊದಲೇ ತಿಳಿದುಕೊಂಡರೆ ಕಣ್ಣೀರು ಉಳಿಯುತ್ತದೆ. ಬಿಲ್ಡರ್‌ನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರೂ ಶಿಪ್ಪಿನೊಳಗೆ ನೀವು ಕೈಯಾರೆ ಇಟ್ಟ ವಸ್ತುಗಳನ್ನೆಲ್ಲ ಆಟ ಬಾಚಿ ಕಾರ್ಗೋಗೆ ತುಂಬಿಬಿಡುತ್ತದೆ. ಮೇಜಿನ ಮೇಲೆ ಜೋಡಿಸಿದ ಪುಸ್ತಕ, ಕಾಫಿ ಬಟ್ಟಲು, ಗಿಡದ ಕುಂಡ, ಎಲ್ಲವೂ. 2024ರ ಮೇ ಅಪ್‌ಡೇಟಿನಿಂದ ಶಿಪ್ ಒಳಾಂಗಣವನ್ನೂ ಅಲಂಕರಿಸಬಹುದು, ಖಾಲಿ ಹ್ಯಾಬ್ ಕೊಂಡು ನಿಮಗೆ ಬೇಕಾದ ಹಾಗೆ ತುಂಬಬಹುದು. ಹಾಗಾಗಿ ಹೊರಗಿನ ಆಕಾರ ಪೂರ್ತಿ ಮುಗಿದು, ಎರಡು ಮೂರು ದಿನ ಹಾರಿಸಿ ನೋಡಿ, ಇನ್ನು ಮುಟ್ಟುವುದಿಲ್ಲ ಎಂದು ಖಾತ್ರಿಯಾದ ಮೇಲೆ ಮನೆ ಜೋಡಿಸಲು ಕೂರಿ. ಹಾಗೆ ಕೂತವರಿಗೆ ಈ ಆಟ ಕೊಡುವ ಸಂತೋಷ ಸಣ್ಣದಲ್ಲ. ಜಗಳ ಮುಗಿಸಿ ಕಾಕ್‌ಪಿಟ್ಟಿನ ಕುರ್ಚಿಯಿಂದ ಎದ್ದು, ನೀವೇ ಹಾಕಿದ ಹಾದಿಯಲ್ಲಿ ಹಿಂದಕ್ಕೆ ನಡೆದು, ನಿಮ್ಮ ಜೊತೆಗಾರರು ಊಟದ ಮೇಜಿನ ಹತ್ತಿರ ಮಾತಾಡುತ್ತಾ ನಿಂತಿದ್ದನ್ನು ದಾಟಿ, ಲ್ಯಾಂಡಿಂಗ್ ಬೇ ಇಳಿದು ಹೊಸ ನೆಲ ಮೆಟ್ಟುವ ಆ ಒಂದು ನಿಮಿಷ ಸಾವಿರ ಗ್ರಹಕ್ಕಿಂತ ಹೆಚ್ಚು.

ಹಣ ಕೂಡುವ ಮೊದಲು ಒಳ್ಳೆಯ ಶಿಪ್ ಬೇಕೆಂದರೆ ಎರಡು ದಾರಿ. ಸ್ಪೇಸರ್ ಎಂಬ ದರೋಡೆಕೋರರ ಹೆಣದ ಮೇಲೆ ಸಿಗುವ ಒಂದು ಚೀಟಿಯಿಂದ ‘ಮ್ಯಾಂಟಿಸ್’ ಎಂಬ ಕ್ವೆಸ್ಟ್ (ಆಟ ಕೊಡುವ ಕೆಲಸ) ಶುರುವಾಗಿ ಡೆನೆಬೋಲಾ I-ಬಿಗೆ ಕರೆದೊಯ್ಯುತ್ತದೆ, ಕೊನೆಯಲ್ಲಿ ರೇಜರ್‌ಲೀಫ್ ಎಂಬ ಶಿಪ್ಪೂ ಒಂದು ಒಳ್ಳೆಯ ಸ್ಪೇಸ್‌ಸೂಟೂ ಸಿಗುತ್ತವೆ. ಅಕ್ಷರಗಳ ನೆಲಹಾಸಿನ ಮೇಲೆ ಟೈರನಿಸ್ (TYRANNIS) ಪದದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಮೆಟ್ಟಿಕೊಂಡು ಹೋಗಬೇಕು, ತಪ್ಪಿದರೆ ಗೋಡೆಯ ಬಂದೂಕುಗಳು ಮಾತಾಡುತ್ತವೆ. ಇನ್ನೊಂದು, ಫ್ರೀಸ್ಟಾರ್ ರೇಂಜರ್ಸ್ ಎಂಬ ಕಾವಲು ಪಡೆಯ ಕಥೆ ಮುಗಿಸಿದರೆ ಸಿಗುವ ಸ್ಟಾರ್ ಈಗಲ್. ಕದ್ದ ಶಿಪ್ ಮಾರಿ ಶ್ರೀಮಂತರಾಗುವ ಯೋಚನೆ ಬಿಡಿ, ನೋಂದಣಿ ಖರ್ಚೇ ಲಾಭದ ಬಹುಭಾಗ ನುಂಗುತ್ತದೆ. ಆಯುಧದಲ್ಲಿ ಲೇಸರ್ ಶೀಲ್ಡಿಗೆ, ಬ್ಯಾಲಿಸ್ಟಿಕ್ ಒಡಲಿಗೆ, ಪಾರ್ಟಿಕಲ್ ಬೀಮ್ ಎರಡಕ್ಕೂ ದೂರದಿಂದಲೇ. ವ್ಯಾನ್‌ಗಾರ್ಡ್ ಸೇರಿದವರಿಗೆ ನ್ಯೂ ಅಟ್ಲಾಂಟಿಸ್‌ನಲ್ಲಿ ಸಿಗುವ ವ್ಯಾನ್‌ಗಾರ್ಡ್ ಆಬ್ಲಿಟರೇಟರ್ ಎ ದರ್ಜೆಯಲ್ಲೇ ಬಹುಕಾಲ ಸಾಕಾಗುವ ಪಾರ್ಟಿಕಲ್ ಆಯುಧ.

ಕಥೆಗಳಿಗೆ ಬಂದರೆ, ಕೈಯಿಂದ ಹೆಣೆದ ಭಾಗ ಮತ್ತು ಯಂತ್ರ ಸುರಿದ ಭಾಗ ಇವೆರಡರ ನಡುವಿನ ಅಂತರ ಅಜಗಜಾಂತರ. ಯುಸಿ ವ್ಯಾನ್‌ಗಾರ್ಡ್ ಕಥೆ ಇಡೀ ಆಟದಲ್ಲೇ ಶ್ರೇಷ್ಠ. ಟೆರರ್‌ಮಾರ್ಫ್ ಎಂಬ ಮೃಗ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು ರಾಜಕೀಯ, ಹಳೆಯ ಯುದ್ಧದ ಪಾಪ ಎರಡನ್ನೂ ಎಳೆದು ತರುತ್ತದೆ. ಕ್ರಿಮ್ಸನ್ ಫ್ಲೀಟ್ ಕಥೆಯಲ್ಲಿ ಕಡಲ್ಗಳ್ಳರ ಗುಂಪಿನೊಳಗೆ ಗೂಢಚಾರರಾಗಿ ಸೇರಿ ಕೊನೆಗೆ ಯಾರ ಕಡೆ ನಿಲ್ಲಬೇಕೆಂದು ನೀವೇ ನಿರ್ಧರಿಸಬೇಕು. ನಿಯಾನ್ ನಗರದ ರ್ಯೂಜಿನ್ ಕಂಪನಿಯ ಕಥೆ ಸದ್ದಿಲ್ಲದೆ ನುಸುಳುವವರಿಗೆ ಚೆನ್ನ. ಗುಂಡು ಹಾರಿಸುವ ಚಟದವರಿಗೆ ಅದು ಹಿಡಿಸುವುದಿಲ್ಲ. ಮುಖ್ಯ ಕಥೆಯಲ್ಲಿ ‘ಎಂಟ್ಯಾಂಗಲ್ಡ್’ ಎಂಬ ಒಂದೇ ಕ್ವೆಸ್ಟ್‌ಗೆ ಪೂರ್ತಿ ಸಂಜೆ ಮೀಸಲಿಡಿ. ಒಂದೇ ಪ್ರಯೋಗಾಲಯ, ಎರಡು ವಿಶ್ವ, ಒಂದರಲ್ಲಿ ಜನ ಬದುಕಿದ್ದಾರೆ, ಇನ್ನೊಂದರಲ್ಲಿ ಗೋಡೆ ಸುಟ್ಟು ಕರಕಲಾಗಿದೆ, ಒಂದು ಹೆಜ್ಜೆಗೆ ಒಂದರಿಂದ ಇನ್ನೊಂದಕ್ಕೆ ಜಾರುತ್ತೀರಿ. ಕೊನೆಯಲ್ಲಿ ಯಾವ ಕಡೆಯವರನ್ನು ಉಳಿಸುವುದೆಂದು ಕೇಳುತ್ತಾರೆ. ಗಮನವಿಟ್ಟು ಕಂಪ್ಯೂಟರಿನ ಟಿಪ್ಪಣಿ ಓದಿದವರಿಗೆ ಎರಡೂ ಕಡೆಯವರನ್ನು ಉಳಿಸುವ ದಾರಿ ಇದೆ.

ದೀರ್ಘಕಾಲ ಆಡುವವರು ಈ ದೊಡ್ಡ ಕಥೆಗಳನ್ನು ಒಂದರ ಬೆನ್ನಿಗೆ ಒಂದು ಮುಗಿಸಬಾರದು. ಹಬ್ಬದೂಟವನ್ನು ದಿನಾ ಉಂಡ ಹಾಗಾಗುತ್ತದೆ. ಒಂದು ಕಥೆ, ಆಮೇಲೆ ಕೆಲವು ವಾರ ಕಸುಬು: ಸರಕು ಸಾಗಣೆ, ಬೌಂಟಿ (ತಲೆಗೆ ಬೆಲೆ ಕಟ್ಟಿದವರ ಬೇಟೆ), ಗ್ರಹ ಸಮೀಕ್ಷೆ. ಆಮೇಲೆ ಇನ್ನೊಂದು ಕಥೆ.

ಗ್ರಹ ಸುತ್ತುವುದರ ದೋಷ ಮುಚ್ಚಿಡುವಂಥದ್ದಲ್ಲ. ನೀವು ಇಳಿದ ಜಾಗದ ಸುತ್ತ ಆಟ ಕೆಲವು ಕಟ್ಟಡಗಳನ್ನು ಒಂದು ಗಂಟಿನಿಂದ ಎತ್ತಿ ಇಡುತ್ತದೆ. ಆ ಗಂಟು ಚಿಕ್ಕದು. ಕ್ರಯೋ ಲ್ಯಾಬ್ ಎಂಬ ಹಿಮಗಟ್ಟಿದ ಪ್ರಯೋಗಾಲಯ ಮೊದಲ ಸಲ ಮೈ ಜುಮ್ಮೆನ್ನಿಸುತ್ತದೆ. ನಾಲ್ಕನೆಯ ಸಲ ಬೇರೆ ನಕ್ಷತ್ರದ ಬೇರೆ ಗ್ರಹದಲ್ಲಿ ಅದೇ ಮೂಲೆಯಲ್ಲಿ ಅದೇ ಹೆಣ, ಅದೇ ಮೇಜಿನ ಮೇಲೆ ಅದೇ ಚೀಟಿ. ಅಂತರಿಕ್ಷ ದೊಡ್ಡದು ಎಂಬ ಭ್ರಮೆ ಅಲ್ಲಿಗೆ ಒಡೆಯುತ್ತದೆ. ಇದಕ್ಕೆ ಮದ್ದು ಕಟ್ಟಡ ನೋಡಿದಾಗಲೆಲ್ಲ ನುಗ್ಗದಿರುವುದು. ಮಿಷನ್ ಕರೆದ ಕಡೆ ಮಾತ್ರ ಒಳಗೆ ಹೋಗಿ, ಉಳಿದಂತೆ ನೆಲ, ಪ್ರಾಣಿ, ಆಕಾಶ ನೋಡಿ. 2024ರ ಆಗಸ್ಟ್‌ನಲ್ಲಿ ಉಚಿತವಾಗಿ ಬಂದ ರೆವ್-8 ಗಾಡಿಯನ್ನು ಶಿಪ್ ಟೆಕ್ನಿಷಿಯನ್ ಬಳಿ ಕೊಂಡರೆ ಹತ್ತು ನಿಮಿಷದ ಓಟ ಒಂದು ನಿಮಿಷದ ಸವಾರಿ.

ಸಮೀಕ್ಷೆಯೇ ಕಸುಬಾದರೆ ಲೆಕ್ಕ ಗೊತ್ತಿರಲಿ. ಸ್ಕಿಲ್ ಇಲ್ಲದೆ ಒಂದು ಜಾತಿಯ ಪ್ರಾಣಿ ಅಥವಾ ಗಿಡವನ್ನು ಎಂಟು ಸಲ ಸ್ಕ್ಯಾನ್ ಮಾಡಬೇಕು. ಝೂಆಲಜಿ, ಬಾಟನಿ ಸ್ಕಿಲ್ ಏರಿಸಿದರೆ ಕಡಿಮೆ ಸಾಕು. ಒಂದೇ ಒಂದು ಪ್ರಾಣಿ ಬಾಕಿ ಉಳಿದು ಸಮೀಕ್ಷೆ ಸಿಕ್ಕಿಹಾಕಿಕೊಂಡಿದ್ದರೆ, ಅದು ನೀರಿನಲ್ಲಿರುವ ಜೀವಿಯಾಗಿರಬಹುದು. ನಕ್ಷೆಯಲ್ಲಿ ನೆಲ ಮತ್ತು ಸಾಗರ ಕೂಡುವ ಗೆರೆಯ ಮೇಲೇ ಇಳಿಯಿರಿ, ದಡಕ್ಕೆ ಓಡಿ. ಬೇರೆ ಬಯೋಮ್‌ನಲ್ಲಿ (ಬೇರೆ ಬಗೆಯ ನೆಲದಲ್ಲಿ) ಎಷ್ಟು ಅಲೆದರೂ ಅದು ಸಿಗುವುದಿಲ್ಲ. ಪೂರ್ತಿಯಾದ ಮಾಹಿತಿಯನ್ನು ಅಂಗಡಿಗೆ ಮಾರಬೇಡಿ, ‘ದಿ ಐ’ ಎಂಬ ಅಂತರಿಕ್ಷ ನಿಲ್ದಾಣದಲ್ಲಿರುವ ಕಾನ್‌ಸ್ಟೆಲೇಶನ್‌ನ ವ್ಲಾಡಿಮಿರ್ ಹೆಚ್ಚು ಬೆಲೆ ಕೊಡುತ್ತಾನೆ. ಚಂದ್ರನ ಮೇಲೆ ಅಪೋಲೋ ಇಳಿದ ಜಾಗ, ಮಂಗಳದಲ್ಲಿ ಆಪರ್ಚುನಿಟಿ ರೋವರ್, ಭೂಮಿಯ ಮರಳಿನ ನಡುವೆ ಗೀಝಾದ ಪಿರಮಿಡ್ ಇವೆಲ್ಲ ಹಾಗೇ ಇವೆ. ಇವನ್ನು ಹುಡುಕಿ ಹೋಗುವ ಒಂದು ವಾರ ಎಷ್ಟೋ ಬೌಂಟಿಗಿಂತ ಮೇಲು.

ಗ್ರಹದ ಮೇಲೆ ನಿಮ್ಮದೇ ನೆಲೆಯಾದ ಔಟ್‌ಪೋಸ್ಟ್ ಕಟ್ಟುವುದು ಆಟದ ಮುಂದುವರಿಕೆಗೆ ಕಡ್ಡಾಯವಲ್ಲ. ಶುರುವಿನಲ್ಲಿ 8, ಸ್ಕಿಲ್ ಏರಿಸಿದರೆ 24ರವರೆಗೆ ಕಟ್ಟಬಹುದು. ಇಷ್ಟಪಟ್ಟು ಕಟ್ಟುವವರು ಒಂದು ಕಡೆ ತಪ್ಪದೆ ಸಿಕ್ಕಿಹಾಕಿಕೊಳ್ಳುತ್ತಾರೆ. ನೆಲೆಯಿಂದ ನೆಲೆಗೆ ಸರಕು ಸಾಗಿಸುವ ಒಂದೇ ಕಾರ್ಗೋ ಲಿಂಕಿನಲ್ಲಿ ಕಬ್ಬಿಣ, ತಾಮ್ರ, ನಿಕಲ್ ಮೂರನ್ನೂ ಕಳಿಸಿದರೆ, ಬಳಕೆಯಾಗದ ಒಂದು ವಸ್ತು ನಿಧಾನಕ್ಕೆ ಪೆಟ್ಟಿಗೆಯನ್ನೆಲ್ಲ ತುಂಬಿಕೊಳ್ಳುತ್ತದೆ. ಜಾಗವಿಲ್ಲದೆ ಉಳಿದೆರಡೂ ನಿಲ್ಲುತ್ತವೆ. ಎಲ್ಲ ಗಣಿಯೂ ಓಡುತ್ತಿರುವಂತೆ ಕಂಡರೂ ಮುಖ್ಯ ನೆಲೆಗೆ ಏನೂ ಬರುವುದಿಲ್ಲ. ಒಂದು ಲಿಂಕಿಗೆ ಒಂದೇ ವಸ್ತು ಎಂಬ ನಿಯಮ ಇಟ್ಟುಕೊಳ್ಳಿ. ಬೇರೆ ನಕ್ಷತ್ರಕ್ಕೆ ಕಳಿಸುವ ಲಿಂಕಿಗೆ ಹೀಲಿಯಂ-3 ಬೇಕು, ಹಾಗಾಗಿ ಹೀಲಿಯಂ ಇರುವ ಜಾಗದಲ್ಲೇ ಮೊದಲ ನೆಲೆ. ಕಬ್ಬಿಣ, ಅಲ್ಯೂಮಿನಿಯಂ ಸೇರಿಸಿ ಸಾವಿರಾರು ಅಡಾಪ್ಟಿವ್ ಫ್ರೇಮ್ ಮಾಡಿ ಲೆವೆಲ್ ಏರಿಸುವ ಅಡ್ಡದಾರಿ ಇದೆ. ಅದನ್ನು ಹಿಡಿದವರು ವಾರದೊಳಗೆ ಬಲಶಾಲಿಗಳಾಗಿ, ಆಮೇಲೆ ಆಡಲು ಏನೂ ಉಳಿಸಿಕೊಂಡಿರುವುದಿಲ್ಲ.

ಅಂಗಡಿಯವರ ಬಳಿ ಸಾಮಾನ್ಯವಾಗಿ 5,000 ಕ್ರೆಡಿಟ್ ಮಾತ್ರ ಇರುವುದರಿಂದ ಸಾಮಾನು ಮಾರುವುದೇ ಒಂದು ಕೆಲಸವಾಗುತ್ತದೆ. 48 ಗಂಟೆ ಕಳೆದರೆ ಅವರ ಗಲ್ಲಾ ಮತ್ತೆ ತುಂಬುತ್ತದೆ. ಶುಕ್ರ ಗ್ರಹದಲ್ಲಿ ಒಂದು ಗಂಟೆ ಮಲಗಿದರೆ ಹೊರಗೆ 100 ಗಂಟೆ ಕಳೆಯುತ್ತದೆ, ಆ ಲೆಕ್ಕ ಬಳಸಿಕೊಳ್ಳಿ. ಕಾನ್‌ಸ್ಟೆಲೇಶನ್‌ನ ಲಾಡ್ಜ್‌ನಲ್ಲಿ ನಿಮ್ಮ ಕೋಣೆಯ ಸೇಫ್‌ಗೆ ತೂಕದ ಮಿತಿಯೇ ಇಲ್ಲ, ಮಾರದ್ದನ್ನು ಅಲ್ಲಿ ಸುರಿಯಿರಿ. 2024ರ ಮೇ ಅಪ್‌ಡೇಟ್ ತಂದ ಆಯ್ಕೆಗಳಲ್ಲಿ ಅಂಗಡಿಯ ಹಣ, ಹೊರುವ ತೂಕ, ದೂರದಿಂದ ಶಿಪ್ಪಿನ ಕಾರ್ಗೋ ಬಳಕೆ ಎಲ್ಲವನ್ನೂ ಬದಲಿಸಬಹುದು. ಸುಲಭ ಮಾಡಿದರೆ ಅನುಭವದ ಅಂಕ ಕಡಿಮೆ, ಕಷ್ಟ ಮಾಡಿದರೆ ಹೆಚ್ಚು. ಅಂಗಡಿಯ ಹಣವನ್ನು ಏರಿಸಿ, ಹಸಿವು ಬಾಯಾರಿಕೆಯನ್ನು ಆನ್ ಮಾಡಿ. ಮೊದಲನೆಯದು ಬೇಸರದ ಕೆಲಸ ಕಳೆಯುತ್ತದೆ, ಎರಡನೆಯದು ಶಿಪ್ಪಿನ ಅಡುಗೆ ಕೋಣೆಗೆ ಅರ್ಥ ಕೊಡುತ್ತದೆ.

ಮುಖ್ಯ ಕಥೆಯ ಅಂತ್ಯ ತಿಳಿಯಬಾರದು ಎನ್ನುವವರು ಈ ಪ್ಯಾರಾ ಮತ್ತು ಮುಂದಿನದನ್ನು ಬಿಟ್ಟು ಓದಿ. ಕಥೆಯ ಕೊನೆಯಲ್ಲಿ ಯೂನಿಟಿ ಎಂಬ ಬಾಗಿಲು ದಾಟಿದರೆ ಇನ್ನೊಂದು ವಿಶ್ವದಲ್ಲಿ ಆಟ ಮೊದಲಿನಿಂದ ಶುರು. ಲೆವೆಲ್, ಸ್ಕಿಲ್, ದೇಗುಲಗಳಲ್ಲಿ ಸಿಗುವ ವಿಶೇಷ ಶಕ್ತಿಗಳು ಉಳಿಯುತ್ತವೆ. ಹಣ, ಶಿಪ್, ಔಟ್‌ಪೋಸ್ಟ್, ಬಂದೂಕು, ಮದುವೆ, ಯಾವುದೂ ಉಳಿಯುವುದಿಲ್ಲ. ಇನ್ನೂರು ಗಂಟೆ ಕೂತು ಕಟ್ಟಿದ ಶಿಪ್ಪೂ ಇಲ್ಲ. ಹತ್ತು ಸಲ ದಾಟುವವರೆಗೆ ಹೊಸ ಸೂಟು ಮತ್ತು ಶಿಪ್ ಬಲವಾಗುತ್ತಾ ಹೋಗುತ್ತವೆ, 24 ಶಕ್ತಿಗಳನ್ನೂ ಹತ್ತರ ಮಟ್ಟಕ್ಕೆ ಒಯ್ಯಬೇಕೆಂದರೆ ಅದೇ ದೇಗುಲದಲ್ಲಿ ಅದೇ ಬೆಳಕಿನ ಚುಕ್ಕಿಗಳನ್ನು ಹಿಡಿಯುವ ಆಟವನ್ನು 240 ಸಲ ಆಡಬೇಕು. ಅದು ಯಾರಿಗೂ ಬೇಡ.

ಎರಡು ರೀತಿಯಲ್ಲಿ ಇದನ್ನು ಆಡಬಹುದು, ನಡುವಿನ ದಾರಿ ಮಾತ್ರ ಬೇಡ. ಒಂದೋ ಏನನ್ನೂ ಕಟ್ಟುವ ಮೊದಲೇ ಮುಖ್ಯ ಕಥೆ ಮುಗಿಸಿ, ಮುಂದಿನ ವಿಶ್ವಗಳಲ್ಲಿ ಕಥೆಯನ್ನು ಬಿಟ್ಟು ಲೋಹದ ತುಂಡುಗಳನ್ನಷ್ಟೇ ಕೂಡಿಸುವ ಮಾತನ್ನು ಆರಿಸಿಕೊಂಡು ಬೇಗ ಬೇಗ ದಾಟಿ, ಮನಸ್ಸಿಗೆ ಹಿಡಿಸಿದ ವಿಶ್ವದಲ್ಲಿ ನೆಲೆ ನಿಲ್ಲಿ. ಕೆಲವು ವಿಶ್ವಗಳಲ್ಲಿ ಲಾಡ್ಜ್ ಬಾಗಿಲು ತೆಗೆದರೆ ಅಲ್ಲಿರುವವರೇ ಬೇರೆ: ಒಂದರಲ್ಲಿ ಎಲ್ಲರೂ ಮಕ್ಕಳು, ಇನ್ನೊಂದರಲ್ಲಿ ನಿಮ್ಮದೇ ಪ್ರತಿರೂಪ ಎದುರು ನಿಂತಿರುತ್ತದೆ. ಇಲ್ಲವೇ ಯೂನಿಟಿಯ ಬಾಗಿಲಿಗೆ ಬಂದು ಹಿಂತಿರುಗಿ, ನಿಮ್ಮ ವಿಶ್ವದಲ್ಲೇ ಉಳಿಯಿರಿ. ಆಟ ಅದಕ್ಕೂ ಅವಕಾಶ ಕೊಟ್ಟಿದೆ. ಶಿಪ್ ಮೇಲೆ ಪ್ರೀತಿ ಬೆಳೆದವರಿಗೆ ಎರಡನೆಯದೇ ಸರಿ.

ಇನ್ನು ಕಾಪಾಡುವ ಕೆಲಸ. ಕರೆಂಟ್ ಹೇಳದೇ ಕೇಳದೇ ಹೋಗುವ ಊರುಗಳಲ್ಲಿ ಆಟೋಸೇವ್ ಮೇಲಷ್ಟೇ ಭಾರ ಹಾಕಬೇಡಿ. ಆಟೋಸೇವ್‌ಗಿರುವ ಕೆಲವೇ ಜಾಗಗಳನ್ನು ಆಟ ಮತ್ತೆ ಮತ್ತೆ ಅಳಿಸಿ ಬರೆಯುತ್ತದೆ. ಪ್ರತಿ ದೊಡ್ಡ ಕಥೆಯ ಮೊದಲು, ಬಿಲ್ಡರ್ ತೆರೆಯುವ ಮೊದಲು ಕೈಯಾರೆ ಹೊಸ ಸೇವ್ ಮಾಡಿ. 2024ರ ಜೂನ್‌ನಿಂದ ಕ್ರಿಯೇಶನ್ಸ್ ಎಂಬ ಮೆನುವಿನ ಮೂಲಕ ಮಾಡ್‌ಗಳು (ಆಟಕ್ಕೆ ಬೇರೆಯವರು ಮಾಡಿದ ಸೇರ್ಪಡೆಗಳು) ಆಟದೊಳಗೇ ಸಿಗುತ್ತವೆ. ಹೆಚ್ಚಿನವು ಅಚೀವ್‌ಮೆಂಟ್ ನಿಲ್ಲಿಸುತ್ತವೆ, ನಿಲ್ಲಿಸದವುಗಳ ಮೇಲೆ ಗುರುತು ಇರುತ್ತದೆ. ಒಮ್ಮೆ ಸೇರಿಸಿದ ಮಾಡನ್ನು ನಡುದಾರಿಯಲ್ಲಿ ತೆಗೆಯುವುದು ದೊಡ್ಡ ಅಪಾಯ: ಆ ಮಾಡ್‌ನ ತುಂಡುಗಳು ನಿಮ್ಮ ಶಿಪ್ಪಿನಲ್ಲಿದ್ದರೆ ಶಿಪ್ಪೇ ಕೆಡುತ್ತದೆ. ಹೊಸ ಮಾಡನ್ನು ಒಂದು ಹಳೆಯ ಸೇವ್‌ನಲ್ಲಿ ಗಂಟೆಯಷ್ಟು ಆಡಿ ನೋಡಿ, ಆಮೇಲೆ ಅಸಲಿಗೆ ಹಾಕಿ. ಫೋಟೋ ಮೋಡ್ ಬಳಸುವುದನ್ನು ಮರೆಯಬೇಡಿ. ನೀವು ತೆಗೆದ ಚಿತ್ರಗಳೇ ಲೋಡಿಂಗ್ ಪರದೆಯ ಮೇಲೆ ಬರುತ್ತವೆ. ಲೋಡಿಂಗ್ ಈ ಆಟದಲ್ಲಿ ಬಹಳ, ಆದರೆ ತಿಂಗಳುಗಳ ಹಿಂದಿನ ನಿಮ್ಮದೇ ಸೂರ್ಯೋದಯ ಎದುರಿಗೆ ಬಂದಾಗ ಆ ಕಾಯುವಿಕೆ ಹಗುರಾಗುತ್ತದೆ.

ಮೂಲ ಆಟ ಕೊಳ್ಳಬಹುದೇ ಎಂದರೆ, ಕಟ್ಟುವ ಬುದ್ಧಿ ಇರುವವರು ಕಣ್ಣು ಮುಚ್ಚಿ ಕೊಳ್ಳಲಿ. ಅಂತರಿಕ್ಷದಲ್ಲಿ ತಡೆಯಿಲ್ಲದೆ ಹಾರಿ ಹಾಗೇ ನೆಲಕ್ಕಿಳಿಯುವ ಅನುಭವವಷ್ಟೇ ಬೇಕಾದವರು ಮೊದಲು ಗೇಮ್ ಪಾಸ್‌ನಲ್ಲಿ ಒಂದು ತಿಂಗಳು ಆಡಿ ನೋಡಲಿ. 2024ರ ಸೆಪ್ಟೆಂಬರ್ 30ರಂದು ಬಂದ ಶಾಟರ್ಡ್ ಸ್ಪೇಸ್ ವಿಸ್ತರಣೆ ವರೂನ್ ಮನೆತನದ ಗ್ರಹದಲ್ಲಿ, ದಾಝ್ರಾ ನಗರದ ಸುತ್ತ ನಡೆಯುತ್ತದೆ. ಸಾವಿರ ಗ್ರಹದ ಬದಲು ಕೈಯಾರೆ ಕಟ್ಟಿದ ಒಂದೇ ನೆಲ, ಹೆಜ್ಜೆಗೊಂದು ವಿಷಯ, ಬಣ್ಣವೂ ಬೇರೆ. ಆದರೆ ಹೊಸ ಶಿಪ್ ಭಾಗಗಳನ್ನು ನಿರೀಕ್ಷಿಸಿ ಕೊಳ್ಳುವವರಿಗೆ ಅದರಲ್ಲಿ ಹೇಳಿಕೊಳ್ಳುವಂಥದ್ದು ಇಲ್ಲ, ಕಥೆಯೂ ಬೇಗ ಮುಗಿಯುತ್ತದೆ. ವ್ಯಾನ್‌ಗಾರ್ಡ್ ಕಥೆ ಪೂರ್ತಿ ಮುಗಿಸಿ, ಇನ್ನೂ ಅಂಥದ್ದೇ ಬೇಕು ಎನಿಸಿದವರು ಬೆಲೆ ಇಳಿದಾಗ ತೆಗೆದುಕೊಳ್ಳಿ.